ಗ್ಲಾಸ್ಗೋದ ‘ಕ್ಲೋಸ್’ ಕನ್ನಡದಲ್ಲಿ ಏನು?

ಗೆಳೆಯರೇ,

ಸ್ಕಾಟ್ಲೆಂಡಿನ ಜೇಮ್ಸ್ ಕೆಲ್ಮನ್ ಅವರ ‘ದ ಬಸ್‌ಕಂಡಕ್ಟರ್ ಹೈನ್ಸ್’ (1984) ಕಾದಂಬರಿಯ ಕೆಲವು ಪುಟಗಳನ್ನು ಕನ್ನಡಕ್ಕೆ ತರಲು ಕೂತಿದ್ದೇನೆ. ಕಂಡಕ್ಟರನ್ನು ಕಂಡಕ್ಟರ್ ಅಂತಲೇ ಬಿಟ್ಟೆ. ‘ನಿರ್ವಾಹಕ’ ಬಸ್ಸಿನ ಸೀಟಿನ ಮೇಲೆ ಬರೆಯೋದಕ್ಕೆ ಸರಿ, ಕೂಗಿ ಕರೆಯೋದಕ್ಕಲ್ಲ. ಸಿಕ್ಕಿಬಿದ್ದಿರುವುದು ಗ್ಲಾಸ್ಗೋ ಜನರ ‘ಕ್ಲೋಸ್’ನಲ್ಲಿ.

ಇದು ‘ಮುಚ್ಚು’ ಅಲ್ಲ. ಉಚ್ಚಾರದ ಕೊನೆಯಲ್ಲಿ ‘ಸ್’, ‘ಝ್’ ಅಲ್ಲ. ಆ ಊರಿನ ಮೂರು-ನಾಲ್ಕು ಅಂತಸ್ತಿನ ಹಳೇ ಮರಳುಗಲ್ಲಿನ ಕಟ್ಟಡಗಳಲ್ಲಿ ಬೀದಿಯಿಂದ ಹಿತ್ತಲಿಗೆ ಹೋಗುವ ನಡೆದಾರಿ, ಮೇಲಕ್ಕೇರುವ ಮೆಟ್ಟಿಲು, ಎಲ್ಲ ಸೇರಿ ಕ್ಲೋಸ್. ಮನೆಗಳ ಬಾಗಿಲು ತೆರೆಯುವುದು ಅಲ್ಲಿಗೇ. ಮೆಟ್ಟಿಲು ತೊಳೆಯುವ ಸರದಿ ಮನೆಮನೆಗೂ ಬರುತ್ತದೆ. ಗೋಡೆಗೆ ಹೊಳಪಿನ ಟೈಲ್ಸ್ ಇದ್ದರೆ ‘ವಾಲಿ ಕ್ಲೋಸ್’, ಕೊಂಚ ಅನುಕೂಲಸ್ಥರದು. ಎಡಿನ್‌ಬರೋದಲ್ಲಿ ಇದೇ ಪದಕ್ಕೆ ಹಳೇಪೇಟೆಯ ಇಕ್ಕಟ್ಟಾದ ಓಣಿ ಎಂಬ ಅರ್ಥವಿದೆ. ಅದಕ್ಕಾದರೆ ನಮ್ಮ ‘ಸಂದಿ’ ಸಲೀಸಾಗಿ ಕೂರುತ್ತದೆ.

ಮೊದಲು ‘ವಠಾರ’ ಎಂದು ಬರೆದೆ. ಜಗಳ, ಸರದಿ, ಪಕ್ಕದ ಮನೆಯ ಒಗ್ಗರಣೆ ವಾಸನೆ ಎಲ್ಲ ಅದರಲ್ಲಿದೆ. ಆದರೆ ವಠಾರವೆಂದರೆ ಮನೆಗಳೂ ಅಂಗಳವೂ ಸೇರಿದ ಇಡೀ ಜಾಗ. ‘ವಠಾರದಲ್ಲಿ ನಿಂತ’ ಸರಿ, ‘ವಠಾರ ಹತ್ತಿದ’ ಅಂದರೆ ನಗು ಬರುತ್ತದೆ. ‘ಪಡಸಾಲೆ’ ಒಂದೇ ಮನೆಯ ಒಳಗಿನದು.

ಅಡಿಟಿಪ್ಪಣಿ ಹಾಕಿ ತಪ್ಪಿಸಿಕೊಳ್ಳಬಹುದಿತ್ತು, ಕೆಲ್ಮನ್ ಬಿಡುವುದಿಲ್ಲ. 1946ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ಹದಿನೈದಕ್ಕೆ ಶಾಲೆ ಬಿಟ್ಟು, ಬಸ್ಸಿನಲ್ಲೂ ದುಡಿದವರು. ಸಂಭಾಷಣೆಗೆ ಉದ್ಧರಣ ಚಿಹ್ನೆ ಹಾಕುವುದಿಲ್ಲ. ನಿರೂಪಕನ ಮಾತಿಗೂ ಪಾತ್ರದ ಮಾತಿಗೂ ನಡುವೆ ಗೋಡೆ ಇರಬಾರದೆಂಬ ಹಠ. 1994ರಲ್ಲಿ ಬೇರೊಂದು ಕಾದಂಬರಿಗೆ ಬುಕರ್ ಬಂದಾಗ ತೀರ್ಪುಗಾರರಲ್ಲೇ ಒಬ್ಬರು ಬಹಿರಂಗವಾಗಿ ಸಿಡುಕಿದರು. ತನ್ನ ಸಂಸ್ಕೃತಿಗೂ ಭಾಷೆಗೂ ಬದುಕುವ ಹಕ್ಕಿದೆ ಎಂದು ಕೆಲ್ಮನ್ ಪ್ರಶಸ್ತಿ ಸ್ವೀಕರಿಸಿದ ಭಾಷಣದಲ್ಲೇ ಹೇಳಿದರು. ಹಾಗಾಗಿ ‘ಸಾಮಾನ್ಯ ಪ್ರವೇಶಮಾರ್ಗ’ದಂಥ ಕಚೇರಿಗನ್ನಡ ನಿರೂಪಣೆಯಲ್ಲೂ ನಡೆಯದು. (ನಮ್ಮಲ್ಲಿ ಇದೇ ಗೋಡೆ ಕೆಡವಿದ ದೇವನೂರ ಮಹಾದೇವರ ‘ಕುಸುಮಬಾಲೆ’ ಕಾದಂಬರಿ ನೆನಪಾಯಿತು. ಖುಷಿಯಾಯಿತು.)

ಸದ್ಯಕ್ಕೆ ‘ಮೆಟ್ಲುಸಂದಿ’ ಎಂದು ಕಟ್ಟಿಕೊಂಡಿದ್ದೇನೆ. ಹುಬ್ಬಳ್ಳಿ, ಬೆಳಗಾವಿ ಕಡೆಯ ಚಾಳಗಳಲ್ಲಿ ಬೆಳೆದವರು ಯಾರಾದರೂ ಇದ್ದೀರಾ? ಎಲ್ಲರೂ ಓಡಾಡುವ ಆ ಕತ್ತಲ ದಾರಿಯನ್ನು ಮನೆಯಲ್ಲಿ ಏನೆನ್ನುತ್ತಿದ್ದಿರಿ?