ಬಾಹ್ಯಾಕಾಶ ನಿಲ್ದಾಣವನ್ನು ಕಕ್ಷೆಯಲ್ಲಿ ಉಳಿಸಲು ಎಷ್ಟು ಇಂಧನ ಬೇಕು?

ಪ್ರಶ್ನೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಿಂಗಳಿಗೆ ಹೆಚ್ಚುಕಡಿಮೆ 2 ಕಿ.ಮೀ. ಕೆಳಗಿಳಿಯುತ್ತದಂತೆ. 420 ಟನ್‌ನ ಅದನ್ನು ಮತ್ತೆ ಮೇಲೇರಿಸಲು ಭಾರೀ ಎಂಜಿನ್ ಬೇಕಲ್ಲವೇ ಸರ್?

ಉತ್ತರ: ಬೇಡ. ಅದನ್ನು ಮೇಲಕ್ಕೆ ಎತ್ತುವುದಿಲ್ಲ, ಸಾಗುತ್ತಿರುವ ದಿಕ್ಕಿಗೇ ಒಂಚೂರು ನೂಕುತ್ತಾರೆ. 400 ಕಿ.ಮೀ. ಎತ್ತರದಲ್ಲಿ ಕಕ್ಷೆ 1 ಕಿ.ಮೀ. ಏರಲು ಸೆಕೆಂಡಿಗೆ 0.57 ಮೀಟರ್ ವೇಗ ಕೂಡಿಸಿದರೆ ಸಾಕು. 2 ಕಿ.ಮೀ.ಗೆ 1.13 ಮೀಟರ್.

ನಿಲ್ದಾಣದ ರಷ್ಯನ್ ಭಾಗವಾದ ಜ್ವೆಜ್ದಾ ಘಟಕದ ಹಿಂಬದಿಗೆ ಜೋಡಿಸಿದ ಪ್ರೋಗ್ರೆಸ್ ಸರಕು ನೌಕೆಯಲ್ಲಿ ತಲಾ 130 ನ್ಯೂಟನ್ ಬಲದ ಥ್ರಸ್ಟರ್‌ಗಳಿವೆ, ಅಂದರೆ ನೂಕುವ ಪುಟ್ಟ ಎಂಜಿನ್‌ಗಳು. ನಾಲ್ಕು ಹೊತ್ತಿಸಿದರೆ 520 ನ್ಯೂಟನ್, ಅಂದರೆ ನೆಲದ ಮೇಲೆ ಒಂದು ಅಕ್ಕಿ ಮೂಟೆ ಎತ್ತುವಷ್ಟು ಬಲ. ಅಷ್ಟರಿಂದಲೇ ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆಗ ಒಳಗೆ ಪೆನ್ನೊಂದನ್ನು ತೇಲಲು ಬಿಟ್ಟರೆ ಅದು 40 ಸೆಕೆಂಡಿನಲ್ಲಿ 1 ಮೀಟರ್ ಹಿಂದಕ್ಕೆ ಸರಿದಿರುತ್ತದೆ. ಇಂಧನ ಮತ್ತು ಅದನ್ನು ಉರಿಸುವ ಆಕ್ಸಿಡೈಸರ್ ಸೇರಿ ಖರ್ಚು ಸುಮಾರು 160 ಕೆ.ಜಿ. ಸೂರ್ಯನ ಚಟುವಟಿಕೆ ಜೋರಾದಾಗ ಮೇಲಿನ ವಾತಾವರಣ ಕಾದು ಉಬ್ಬುತ್ತದೆ, ನಿಲ್ದಾಣವನ್ನು ಕೆಳಗಿಳಿಸುವ ತೆಳು ಗಾಳಿಯ ಎಳೆತ ಹೆಚ್ಚುತ್ತದೆ, ಲೆಕ್ಕವೂ ಏರುತ್ತದೆ.

ಪ್ರಶ್ನೆ: ಹಾಗಾದರೆ ಕಷ್ಟ ಎಲ್ಲಿದೆ?

ಉತ್ತರ: ಎರಡು ಕಡೆ. ನೂಕುಬಲದ ರೇಖೆ ನಿಲ್ದಾಣದ ದ್ರವ್ಯರಾಶಿ ಕೇಂದ್ರದ ಮೂಲಕ ಹೋಗಬೇಕು, ಇಲ್ಲದಿದ್ದರೆ ನಿಲ್ದಾಣ ತಿರುಗತೊಡಗುತ್ತದೆ. ಹಿಂಬದಿಯ ಪ್ರೋಗ್ರೆಸ್‌ಗೆ ಇದು ಸಲೀಸು. ಸಿಗ್ನಸ್ ಎಂಬ ಇನ್ನೊಂದು ಸರಕು ನೌಕೆ ಭೂಮಿಯತ್ತ ಮುಖಮಾಡಿದ ಬಾಗಿಲಿಗೆ ಜೋಡಣೆಯಾಗುವುದರಿಂದ, ಅದರಿಂದ ನೂಕಿಸಬೇಕಾದರೆ ಮೊದಲು ಇಡೀ ನಿಲ್ದಾಣವನ್ನೇ ತಿರುಗಿಸಿಕೊಳ್ಳಬೇಕು.

ಎರಡನೆಯದು ಕಂಪನ. ಉದ್ದನೆಯ ಸೌರಫಲಕಗಳು ನಿಧಾನವಾಗಿ ತೂಗುವ ಸ್ವಭಾವದವು. 2009ರ ಜನವರಿ 14ರಂದು ಜ್ವೆಜ್ದಾದ ಎಂಜಿನ್‌ಗಳನ್ನು ಹೊತ್ತಿಸಿದಾಗ ಅವುಗಳ ದಿಕ್ಕು ತಿದ್ದುವ ವ್ಯವಸ್ಥೆಗೆ ತಪ್ಪು ಮೌಲ್ಯಗಳು ಹೋಗಿದ್ದವು. ಎಂಜಿನ್ ಅತ್ತಿತ್ತ ಹೊಯ್ದಾಡಿದ ಲಯ ನಿಲ್ದಾಣದ ಸಹಜ ಕಂಪನಕ್ಕೆ ತಾಳೆಯಾಗಿ, ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಎಲ್ಲವೂ ತೂಗಾಡಿತು. ಉಯ್ಯಾಲೆಯನ್ನು ಸರಿಯಾದ ಕ್ಷಣಕ್ಕೆ ಮೀಟಿದಂತೆ. ಬಲ ಎಷ್ಟು ಎಂಬುದಕ್ಕಿಂತ ಅದು ಯಾವ ಲಯದಲ್ಲಿ ಬೀಳುತ್ತದೆ ಎಂಬುದೇ ಹೆಚ್ಚು ಅಪಾಯ ಅನ್ನುವುದು ಇದಕ್ಕೇ.

ಪ್ರಶ್ನೆ: ವಿದ್ಯುತ್ ಥ್ರಸ್ಟರ್ ಹಾಕಿದರೆ ಇಂಧನ ಉಳಿಯುವುದಿಲ್ಲವೇ?

ಉತ್ತರ: ಖಂಡಿತ ಉಳಿಯುತ್ತದೆ. ಚೀನಾದ ಬಾಹ್ಯಾಕಾಶ ನಿಲ್ದಾಣ ತಿಯಾನ್‌ಗಾಂಗ್‌ನ ತಿಯಾನ್ಹೆ ಘಟಕದಲ್ಲಿ ತಲಾ 80 ಮಿಲಿನ್ಯೂಟನ್‌ನ (ನ್ಯೂಟನ್‌ನ ಸಾವಿರದಲ್ಲಿ 80 ಭಾಗ) ನಾಲ್ಕು ಹಾಲ್ ಥ್ರಸ್ಟರ್‌ಗಳಿವೆ, ಇವು ವಿದ್ಯುತ್ ಥ್ರಸ್ಟರ್‌ಗಳ ಒಂದು ಬಗೆ. ಅವೇ ನಾಲ್ಕರಿಂದ 420 ಟನ್‌ಗೆ ಮೇಲಿನ 2 ಕಿ.ಮೀ. ಕೊಡಿಸಲು, ಎಳೆತವನ್ನು ಲೆಕ್ಕಕ್ಕೆ ಹಿಡಿಯದೆಯೂ, ಹಗಲೂರಾತ್ರಿ ಸುಮಾರು 17 ದಿನ ಉರಿಸಬೇಕು. ದಿನದಿನದ ಎಳೆತ ತುಂಬಿಕೊಳ್ಳಲು ಅದು ಒಳ್ಳೆಯ ದಾರಿ. ಆದರೆ ಬಾಹ್ಯಾಕಾಶ ಅವಶೇಷದ ಚೂರೊಂದು ನಾಳೆ ಹತ್ತಿರ ಹಾಯುತ್ತದೆ ಎಂಬ ಎಚ್ಚರಿಕೆ ಬಂದರೆ 17 ದಿನ ಕಾಯಲಾಗದು. ಆಗ ಪ್ರೋಗ್ರೆಸ್‌ನಲ್ಲಿರುವಂಥ, ಇಂಧನ ಉರಿಸುವ ರಾಸಾಯನಿಕ ಥ್ರಸ್ಟರ್‌ಗಳೇ ಬೇಕು.