ಎಲ್ಲ ಡ್ಯಾಶ್‌ಬೋರ್ಡ್‌ಗಳೂ ಹಸಿರು, ಆದರೂ ಬುಕಿಂಗ್‌ಗೆ ಒಂಬತ್ತು ಸೆಕೆಂಡು: ಟ್ರೇಸ್ ಎಲ್ಲಿ ಹರಿಯುತ್ತದೆ?

ಪ್ರಶ್ನೆ: ನಮಸ್ಕಾರ ಮೇಡಂ. ಬಸ್ ಟಿಕೆಟ್ ಕಾಯ್ದಿರಿಸುವ ಅಪ್ಲಿಕೇಶನ್ ಒಂದರ ಬ್ಯಾಕೆಂಡ್ ತಂಡದಲ್ಲಿದ್ದೇನೆ. ಜಾವಾ, ಸ್ಪ್ರಿಂಗ್ ಬೂಟ್. ಹುಡುಕಾಟ, ಆಸನ, ದರ, ಪಾವತಿ, ಸಂದೇಶ ಎಂದು ಐದು ಸರ್ವೀಸುಗಳಿವೆ. ಟಿಕೆಟ್ ಸಂದೇಶ ಕಾಫ್ಕಾ (ಸರ್ವೀಸುಗಳ ನಡುವೆ ಸಂದೇಶ ಸಾಗಿಸುವ ವ್ಯವಸ್ಥೆ) ಮೂಲಕ ಹೋಗುತ್ತದೆ. ಹಬ್ಬದ ಹಿಂದಿನ ದಿನಗಳಲ್ಲಿ ಕೆಲವರಿಗೆ ಆಸನ ಸಿಗಲು ಎಂಟೊಂಬತ್ತು ಸೆಕೆಂಡು ಹಿಡಿಯುತ್ತದೆ. ಯಾವ ತಂಡವನ್ನು ಕೇಳಿದರೂ ‘ನಮ್ಮ ಸರಾಸರಿ 200 ಮಿಲಿಸೆಕೆಂಡು’ ಎನ್ನುತ್ತಾರೆ. ಕೋಡ್ ಮುಟ್ಟದೆ ಕರೆಗಳನ್ನು ಅಳೆಯುವ ಓಪನ್‌ಟೆಲಿಮೆಟ್ರಿಯ ಜಾವಾ ಏಜೆಂಟ್ ಹಾಕಿ, ಟ್ರೇಸ್‌ಗಳನ್ನು (ಒಂದು ಕೋರಿಕೆ ಸರ್ವೀಸಿನಿಂದ ಸರ್ವೀಸಿಗೆ ಸಾಗಿದ ಹಾದಿಯ ದಾಖಲೆ) ತೋರಿಸುವ ಯೇಗರ್‌ನಲ್ಲಿ ನೋಡಿದರೆ ಒಂದೇ ಬುಕಿಂಗ್ ನಾಲ್ಕು ಟ್ರೇಸ್‌ಗಳಾಗಿ ಚೂರಾಗಿದೆ. ಇದನ್ನು ಜೋಡಿಸುವುದು ಹೇಗೆ?

ಉತ್ತರ: ಮೊದಲು ಆ ಸರಾಸರಿಯನ್ನು ಬದಿಗಿಡಿ. ನೂರರಲ್ಲಿ ತೊಂಬತ್ತೆಂಟು ಮಂದಿಗೆ ಬೇಗ ಆದರೆ ಉಳಿದಿಬ್ಬರ ಸಂಕಟ ಅದರಲ್ಲಿ ಕಾಣುವುದೇ ಇಲ್ಲ. 99ನೆಯ ಪರ್ಸೆಂಟೈಲ್, ಅಂದರೆ ನೂರರಲ್ಲಿ ತೊಂಬತ್ತೊಂಬತ್ತು ಕೋರಿಕೆಗಳು ಎಷ್ಟು ಸಮಯದೊಳಗೆ ಮುಗಿಯುತ್ತವೆ ಎಂದು ಕೇಳಿ, ತಂಡಗಳ ದನಿ ಸ್ವಲ್ಪ ತಗ್ಗುತ್ತದೆ.

ಈಗ ಚೂರುಗಳ ವಿಷಯ. ಒಂದು ಸರ್ವೀಸ್ ಇನ್ನೊಂದನ್ನು ಕರೆಯುವಾಗ ‘ಟ್ರೇಸ್‌ಪೇರೆಂಟ್’ ಎಂಬ ಹೆಡರ್ (ಕರೆಗೆ ಅಂಟಿಸಿದ ಗುರುತುಚೀಟಿ) ಜೊತೆಯಲ್ಲಿ ಹೋಗುತ್ತದೆ. ಇದು 2020ರಲ್ಲಿ ವೆಬ್ ಮಾನಕಗಳ ಸಂಸ್ಥೆ ಡಬ್ಲ್ಯು3ಸಿಯ ಶಿಫಾರಸಾದ ಮಾದರಿ. ಅದರಲ್ಲಿ 32 ಅಂಕಿಯ ಟ್ರೇಸ್ ಗುರುತು, ಕರೆದ ಸ್ಪ್ಯಾನ್‌ನ (ಟ್ರೇಸ್‌ನೊಳಗಿನ ಒಂದೊಂದು ಕೆಲಸದ ದಾಖಲೆ) 16 ಅಂಕಿಯ ಗುರುತು, ‘ಇದನ್ನು ದಾಖಲಿಸಬೇಕೇ’ ಎಂದು ಹೇಳುವ ಫ್ಲ್ಯಾಗ್ ಇರುತ್ತವೆ, ಅಂಕಿಗಳೆಲ್ಲ ಹೆಕ್ಸಾಡೆಸಿಮಲ್. ಈ ಚೀಟಿ ಕೈಬದಲಾಗುವಾಗ ಎಲ್ಲಿ ಬಿದ್ದುಹೋಗುತ್ತದೋ ಅಲ್ಲಿಂದ ಹೊಸ ಟ್ರೇಸ್ ಶುರು. ಎಚ್‌ಟಿಟಿಪಿ ಕರೆಗಳನ್ನೂ ಜಾವಾದ ಸಾಮಾನ್ಯ ಥ್ರೆಡ್ ಪೂಲ್‌ಗಳನ್ನೂ (ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳ ಗುಂಪು) ಏಜೆಂಟ್ ತಾನೇ ನೋಡಿಕೊಳ್ಳುತ್ತದೆ. ನೀವೇ ಬರೆದುಕೊಂಡ ಕೋಡ್ ಅದಕ್ಕೆ ಗೊತ್ತಾಗುವುದಿಲ್ಲ. ಆಸನ ಸರ್ವೀಸ್‌ನಲ್ಲಿ ಕೋರಿಕೆಗಳನ್ನು ಮೆಮೊರಿಯ ಕ್ಯೂ ಒಂದರಲ್ಲಿಟ್ಟು ಬೇರೆ ಥ್ರೆಡ್ ಎತ್ತಿಕೊಳ್ಳುವ ವ್ಯವಸ್ಥೆ ಇದೆಯೇ? ಪಾವತಿಯ ಫಲಿತಾಂಶ ಹೇಗೆ ಬರುತ್ತದೆ?

ಪ್ರಶ್ನೆ ಕೇಳಿದವರು: ಹೌದು ಮೇಡಂ, ಒಂದು ಬ್ಲಾಕಿಂಗ್ ಕ್ಯೂ ಇದೆ. ಪಾವತಿ ಯುಪಿಐ. ಗ್ರಾಹಕರು ಹಣ ಕಟ್ಟಿದ ಮೇಲೆ ಪೇಮೆಂಟ್ ಗೇಟ್‌ವೇ ನಮ್ಮ ವಿಳಾಸವೊಂದನ್ನು ಕರೆದು ತಿಳಿಸುತ್ತದೆ.

ಉತ್ತರ: ಹಾಗಿದ್ದರೆ ಎರಡು ಕಡೆ ಗೊತ್ತಾಯಿತು, ಮೂರನೆಯದು ಕಾಫ್ಕಾ. ಮೂರಕ್ಕೂ ಮದ್ದು ಬೇರೆ ಬೇರೆ.

ಕ್ಯೂ: ಟ್ರೇಸ್‌ನ ಸಂದರ್ಭ (ಕಾಂಟೆಕ್ಸ್ಟ್) ಕುಳಿತಿರುವುದು ಆಯಾ ಥ್ರೆಡ್‌ನಲ್ಲಿ. ಕ್ಯೂಗೆ ಹಾಕುವ ಆಬ್ಜೆಕ್ಟ್‌ನಲ್ಲೇ ಆ ಕ್ಷಣದ ಕಾಂಟೆಕ್ಸ್ಟ್ ಅನ್ನು ಇಟ್ಟುಕಳುಹಿಸಿ, ಎತ್ತಿಕೊಂಡ ಥ್ರೆಡ್ ಅದನ್ನು ಜಾರಿಗೆ ತಂದು, ಕೆಲಸ ಮುಗಿದೊಡನೆ ಸ್ಕೋಪ್ (ಅದು ಜಾರಿಯಲ್ಲಿರುವ ಅವಧಿ) ಮುಚ್ಚಬೇಕು. ಮುಚ್ಚುವುದನ್ನು ಮರೆತರೆ ಮುಂದಿನ ಪ್ರಯಾಣಿಕರ ಬುಕಿಂಗ್ ಹಿಂದಿನವರ ಟ್ರೇಸ್‌ಗೆ ಅಂಟಿಕೊಳ್ಳುತ್ತದೆ. ಹರಿದ ಟ್ರೇಸ್ ಎದುರಿಗೆ ಕಾಣುತ್ತದೆ. ತಪ್ಪಾಗಿ ಬೆಸೆದುಕೊಂಡದ್ದು ಕಾಣುವುದಿಲ್ಲ, ನಂಬಿಕೆ ಬರುವಷ್ಟು ಚೆನ್ನಾಗಿಯೇ ಇರುತ್ತದೆ.

ಪಾವತಿ: ಹೊರಗಿನಿಂದ ಬರುವ ಆ ಕರೆಗೆ ನಿಮ್ಮ ಹೆಡರ್ ಇರುವುದಿಲ್ಲ, ಇರಲಿ ಎಂದು ಹಟ ಹಿಡಿಯಲೂ ಬೇಡಿ. ಗ್ರಾಹಕರು ಪಿನ್ ಹುಡುಕುತ್ತಾ ಎರಡು ನಿಮಿಷ ಕುಳಿತರೆ ಅದು ನಿಮ್ಮ ಸರ್ವೀಸಿನ ನಿಧಾನವಲ್ಲವಲ್ಲ. ಬುಕಿಂಗ್ ದಾಖಲೆಯಲ್ಲಿ ಮೊದಲ ಟ್ರೇಸ್‌ನ ಮತ್ತು ಅದರ ಸ್ಪ್ಯಾನ್‌ನ ಗುರುತುಗಳನ್ನು ಉಳಿಸಿಟ್ಟುಕೊಂಡು, ಮರುಕರೆ ಬಂದಾಗ ಹೊಸ ಟ್ರೇಸ್‌ನಿಂದ ಅದಕ್ಕೊಂದು ‘ಲಿಂಕ್’ (ಎರಡನ್ನೂ ಬೆಸೆಯದೆ ಸಂಬಂಧ ಮಾತ್ರ ತೋರಿಸುವ ಕೊಂಡಿ) ಕೊಡಿ. ಎರಡರಲ್ಲೂ ಬುಕಿಂಗ್ ಸಂಖ್ಯೆಯನ್ನು ಆಟ್ರಿಬ್ಯೂಟ್ (ಸ್ಪ್ಯಾನ್‌ಗೆ ಸೇರಿಸುವ ವಿವರ) ಆಗಿ ಬರೆದರೆ ಹುಡುಕುವುದೂ ಸುಲಭ. ಮೊಬೈಲ್ ಸಂಖ್ಯೆ, ಪ್ರಯಾಣಿಕರ ಹೆಸರು ಮಾತ್ರ ಅಲ್ಲಿ ಬೇಡವೇ ಬೇಡ.

ಕಾಫ್ಕಾ: ಸಂದೇಶದ ಹೆಡರ್‌ನಲ್ಲಿ ಗುರುತು ಹೋಗುತ್ತದೆ. ಆದರೆ ಪಡೆಯುವ ಕಡೆ ಐವತ್ತು ಸಂದೇಶಗಳನ್ನು ಒಟ್ಟಿಗೆ ಎತ್ತಿಕೊಂಡರೆ ಆ ಒಂದು ಕೆಲಸಕ್ಕೆ ಐವತ್ತು ಮೂಲಗಳಾದವು. ಸ್ಪ್ಯಾನ್‌ಗೆ ಪೇರೆಂಟ್ ಒಂದೇ ಇರಬಹುದು, ಲಿಂಕ್‌ಗಳು ಎಷ್ಟಾದರೂ ಇರಬಹುದು. ಆದ್ದರಿಂದ ಅಲ್ಲಿಯೂ ಲಿಂಕ್. ಎಲ್ಲವನ್ನೂ ಒಂದೇ ಟ್ರೇಸ್‌ಗೆ ತುರುಕುವ ಆಸೆ ಎಲ್ಲರಿಗೂ ಇರುತ್ತದೆ, ನಾನು ಅದಕ್ಕೆ ವಿರೋಧಿ. ಗ್ರಾಹಕರು ಪರದೆಯ ಮುಂದೆ ಕಾಯುವ ಭಾಗ ಒಂದು ಟ್ರೇಸ್, ಅವರು ಕಾಯದ ಭಾಗ ಇನ್ನೊಂದು.

ಇನ್ನೊಬ್ಬ ಸದಸ್ಯರು: ನಮ್ಮಲ್ಲಿ ಹಳೆಯ ಸರ್ವೀಸ್ ಒಂದು ಜಿಪ್‌ಕಿನ್ ಎಂಬ ಟ್ರೇಸಿಂಗ್ ಸಾಧನದ ಕಾಲದ ಬಿ3 ಹೆಡರ್ ಬಳಸುತ್ತಿದ್ದುದರಿಂದಲೇ ಟ್ರೇಸ್ ಒಡೆಯುತ್ತಿತ್ತು. ಅದನ್ನೂ ನೋಡಬಹುದು.

ಉತ್ತರ: ಒಳ್ಳೆಯ ಮಾತು. ಏಜೆಂಟ್‌ನ ಪ್ರೊಪಗೇಟರ್ ಪಟ್ಟಿಗೆ (ಯಾವ ಬಗೆಯ ಹೆಡರ್ ಓದಬೇಕು, ಬರೆಯಬೇಕು ಎಂಬ ಪಟ್ಟಿ) ಬಿ3 ಸೇರಿಸಿದರೆ ಎರಡೂ ಭಾಷೆ ಅರ್ಥವಾಗುತ್ತದೆ. ಟ್ವಿಟರ್ 2012ರಲ್ಲಿ ಜಿಪ್‌ಕಿನ್ ಬಿಡುಗಡೆ ಮಾಡಿದಾಗ ಸರ್ವಮಾನ್ಯ ಮಾದರಿ ಇರಲಿಲ್ಲ, ಆ ಹೆಡರ್‌ಗಳು ಹಾಗೆಯೇ ಉಳಿದುಕೊಂಡಿವೆ.

ಪ್ರಶ್ನೆ ಕೇಳಿದವರು: ಕ್ಯೂ ಸರಿಪಡಿಸಿದೆವು, ಆಸನದ ಟ್ರೇಸ್ ಈಗ ಇಡಿಯಾಗಿ ಬರುತ್ತಿದೆ. ಆದರೆ ನೂರಕ್ಕೆ ಒಂದನ್ನು ಮಾತ್ರ ಉಳಿಸುತ್ತಿದ್ದೇವೆ, ನಿಧಾನವಾದವು ಸಿಗುವುದೇ ಅಪರೂಪ.

ಉತ್ತರ: ಯಾವುದನ್ನು ಉಳಿಸಬೇಕೆಂದು ಆರಂಭದಲ್ಲೇ ಲಾಟರಿ ಎತ್ತಿದರೆ ಯಾವುದು ನಿಧಾನವಾಗಲಿದೆ ಎಂದು ಯಾರಿಗೆ ಗೊತ್ತು? ಅದಕ್ಕೇ ಟೇಲ್ ಸ್ಯಾಂಪ್ಲಿಂಗ್, ಅಂದರೆ ಟ್ರೇಸ್ ಮುಗಿದ ಮೇಲೆ ನೋಡಿ ಆರಿಸುವುದು. ಸರ್ವೀಸುಗಳು ಎಲ್ಲವನ್ನೂ ಕಳುಹಿಸಲಿ, ಸ್ಪ್ಯಾನ್‌ಗಳನ್ನು ಒಟ್ಟುಗೂಡಿಸುವ ಕಲೆಕ್ಟರ್ ಸ್ವಲ್ಪ ಹೊತ್ತು ಕಾದು ನಿರ್ಧರಿಸಲಿ. ಬೇರೆ ಹೇಳದಿದ್ದರೆ 30 ಸೆಕೆಂಡು ಕಾಯುತ್ತದೆ. ಎರಡು ಸೆಕೆಂಡು ಮೀರಿದವು, ದೋಷ ಬಂದವು ಎಲ್ಲವೂ ಉಳಿಯಲಿ. ಉಳಿದವುಗಳಲ್ಲಿ ನೂರಕ್ಕೆ ಒಂದು ಸಾಕು. ಎಚ್ಚರ ಒಂದಿದೆ: ಕಲೆಕ್ಟರ್‌ಗಳು ಹಲವಿದ್ದರೆ ಒಂದು ಟ್ರೇಸ್‌ನ ಎಲ್ಲ ಸ್ಪ್ಯಾನ್‌ಗಳೂ ಒಂದೇ ಕಲೆಕ್ಟರ್‌ಗೆ ಸೇರಬೇಕು. ಅವುಗಳ ಮುಂದೆ ಇನ್ನೊಂದು ಸಾಲು ಕಲೆಕ್ಟರ್‌ಗಳನ್ನು ಇಟ್ಟು, ಟ್ರೇಸ್ ಗುರುತಿನ ಮೇಲೆ ಹಂಚಿಸಿ. ಮೆಮೊರಿ ತಿನ್ನುತ್ತದೆ, ಅದಕ್ಕೆ ಸಿದ್ಧರಾಗಿ. ನಿಧಾನವಾದ ಒಂದು ಸಿಕ್ಕಿದೊಡನೆ ಇಲ್ಲಿ ಹೇಳಿ.

ಪ್ರಶ್ನೆ ಕೇಳಿದವರು: ಸಿಕ್ಕಿತು ಮೇಡಂ! ಆಸನ ಸರ್ವೀಸ್‌ನ ಸ್ಪ್ಯಾನ್ 8.4 ಸೆಕೆಂಡು. ಅದರೊಳಗಿನ ಎಸ್‌ಕ್ಯುಎಲ್ (ಡೇಟಾಬೇಸ್ ಆದೇಶಗಳು) ಎಲ್ಲ ಸೇರಿ 60 ಮಿಲಿಸೆಕೆಂಡು. ಮೊದಲ ಎಸ್‌ಕ್ಯುಎಲ್‌ಗೆ ಮುಂಚೆ ಏಳು ಸೆಕೆಂಡು ಬರಿದು. ಆಸನವನ್ನು ಲಾಕ್ ಮಾಡುವ ಎಸ್‌ಕ್ಯುಎಲ್‌ಗೂ ಅದನ್ನು ಬರೆಯುವ ಎಸ್‌ಕ್ಯುಎಲ್‌ಗೂ ನಡುವೆ ದರ ಸರ್ವೀಸ್‌ಗೆ ಒಂದು ಕರೆ, ಅದು 1.2 ಸೆಕೆಂಡು.

ಉತ್ತರ: ಆ ಬರಿದು ಜಾಗವೇ ಉತ್ತರ. ಡೇಟಾಬೇಸ್‌ನಲ್ಲಿ ಆಸನದ ದಾಖಲೆಯ ಲಾಕ್‌ಗೆ ಕಾಯುತ್ತಿದ್ದರೆ ಎಸ್‌ಕ್ಯುಎಲ್ ಸ್ಪ್ಯಾನೇ ಉದ್ದವಾಗುತ್ತಿತ್ತು. ಎಸ್‌ಕ್ಯುಎಲ್ ಚಿಕ್ಕದಾಗಿದ್ದು ಅದರ ಮುಂದೆ ಖಾಲಿ ಇದ್ದರೆ ಡೇಟಾಬೇಸ್ ಕನೆಕ್ಷನ್‌ಗಾಗಿ ಸರದಿ ನಿಂತಿದ್ದೀರಿ ಎಂದೇ ನನ್ನ ಮೊದಲ ಅನುಮಾನ. ಏಜೆಂಟ್ ಈ ಕಾಯುವಿಕೆಯನ್ನು ತಾನಾಗಿ ತೋರಿಸುವುದಿಲ್ಲ. ಡೇಟಾಸೋರ್ಸ್‌ಗೆ (ಕನೆಕ್ಷನ್ ಕೊಡುವ ಭಾಗ) ಪ್ರತ್ಯೇಕ ಸೆಟ್ಟಿಂಗ್ ಇದೆ, ಅದನ್ನು ಚಾಲೂ ಮಾಡಿ ಖಚಿತಪಡಿಸಿಕೊಳ್ಳಿ.

ಸ್ಪ್ರಿಂಗ್ ಬೂಟ್ ಜೊತೆ ಬರುವ, ಕನೆಕ್ಷನ್‌ಗಳನ್ನು ಸಿದ್ಧವಾಗಿಟ್ಟುಕೊಳ್ಳುವ ಹಿಕಾರಿ ಪೂಲ್‌ನಲ್ಲಿ ನೀವು ಬದಲಿಸದಿದ್ದರೆ ಕನೆಕ್ಷನ್‌ಗಳು ಹತ್ತೇ. ನಿಮ್ಮ ಟ್ರಾನ್ಸಾಕ್ಷನ್ (ಒಟ್ಟಿಗೇ ಮುಗಿಯಬೇಕಾದ ಡೇಟಾಬೇಸ್ ಕೆಲಸ) ಒಂದು ಕನೆಕ್ಷನ್ ಹಿಡಿದುಕೊಂಡೇ ದರ ಕೇಳಲು ಹೊರಗೆ ಹೋಗುತ್ತಿದೆ. ಹಬ್ಬದ ದಿನ ದರ ಸರ್ವೀಸ್ ಒಂದು ಸೆಕೆಂಡು ತಡ ಮಾಡಿದರೆ ಆ ಹತ್ತೂ ಸುಮ್ಮನೆ ಅಲ್ಲಿ ನಿಂತಿರುತ್ತವೆ, ಹಿಂದೆ ಸರದಿ ಬೆಳೆಯುತ್ತದೆ. ಪೂಲ್ ದೊಡ್ಡದು ಮಾಡೋಣ ಎಂದು ಯಾರಾದರೂ ಹೇಳುತ್ತಾರೆ, ಸದ್ಯಕ್ಕೆ ಒಪ್ಪಬೇಡಿ. ದರ ಕೇಳುವ ಕರೆಯನ್ನು ಟ್ರಾನ್ಸಾಕ್ಷನ್ ಶುರುವಾಗುವ ಮೊದಲೇ ಮುಗಿಸಿ, ಪಡೆದ ದರಕ್ಕೆ ಅವಧಿ ಗೊತ್ತುಮಾಡಿ, ಆಮೇಲೆ ಲಾಕ್ ಹಾಕಿ ಬರೆಯಿರಿ. ಬದಲಾವಣೆ ಆದ ಮೇಲೆ ಇದೇ ಟ್ರೇಸ್‌ನಲ್ಲಿ ಎರಡು ಎಸ್‌ಕ್ಯುಎಲ್‌ಗಳ ನಡುವೆ ಬೇರೆ ಯಾವ ಸ್ಪ್ಯಾನ್ ಕೂಡ ಇರಬಾರದು.