ಪದ ಬೇಕು, ಇವತ್ತೇ: ಹುಟ್ಟುವಾಗಲೇ ಮುಚ್ಚಿದ ಸಣ್ಣಕರುಳು

ರಾಯಚೂರಿನಿಂದ:
ಬಾಣಂತಿಯರ ವಾರ್ಡಿಗೆ ಫ್ಲೆಕ್ಸ್ ಆಗಬೇಕು. ಸಂಜೆ ಆರಕ್ಕೆ ಅಂಗಡಿ ಬಾಗಿಲು ಹಾಕುತ್ತಾರೆ. ಡಾಕ್ಟರು ಕೊಟ್ಟ ಪದ ‘ಇಂಟೆಸ್ಟೈನಲ್ ಅಟ್ರೀಸಿಯಾ’. ಹೊಟ್ಟೆಯಲ್ಲಿದ್ದಾಗಲೇ ಮಗುವಿನ ಕರುಳು ಒಂದು ಕಡೆ ಮುಚ್ಚಿಕೊಂಡಿರುತ್ತದೆ, ಕುಡಿದ ಹಾಲು ಮುಂದೆ ಸಾಗುವುದಿಲ್ಲ. ಕರಡಿನಲ್ಲಿ ‘ಜನ್ಮಜಾತ ಕ್ಷುದ್ರಾಂತ್ರ ಅವಿವರತೆ’ ಅಂತಿದೆ, ನನಗೇ ತಿಳಿಯಲಿಲ್ಲ. ‘ಕಟ್ಟಿದ ಕರುಳು’ ಅನ್ನಬಹುದಾ? ಕೆಳಗಿನ ಸಾಲು: ‘ಕೂಡಲೇ ದವಾಖಾನೆಗೆ ತನ್ನಿ’.

ಬಳ್ಳಾರಿಯಿಂದ:
‘ಕಟ್ಟಿದ’ ಬೇಡ. ಮಲ ಕಟ್ಟಿದೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ಅಟ್ರೀಸಿಯಾ ಅಂದರೆ ಗ್ರೀಕಿನಲ್ಲಿ ‘ತೂತಿಲ್ಲದ್ದು’, ಅಷ್ಟೇ. ‘ತೂತಿಲ್ಲದ ಕರುಳು’ ಅನ್ನಿ, ಮುಗಿಯಿತು. ಆ ದವಾಖಾನೆಯನ್ನೂ ತೆಗೆಯಿರಿ. ಕನ್ನಡದ್ದೇ ಆದ ಆಸ್ಪತ್ರೆ ಇದೆಯಲ್ಲ.

ಕೊಪ್ಪಳದಿಂದ:
ಆಸ್ಪತ್ರೆ ಯಾವಾಗ ಕನ್ನಡದ್ದಾಯಿತು ಸ್ವಾಮಿ? ಅದು ಹಾಸ್ಪಿಟಲ್ಲೇ, ಪಂಚೆ ಉಟ್ಟಿದೆ ಅಷ್ಟೇ. ನೀವು 1953ರವರೆಗೆ ಮದ್ರಾಸಿನವರು, ನಾವು 1948ರವರೆಗೆ ನಿಜಾಮರ ಸೀಮೆಯವರು. ಇಬ್ಬರೂ ಸಾಲ ತಂದವರೇ, ಅಂಗಡಿ ಬೇರೆ.

ಇನ್ನು ‘ತೂತಿಲ್ಲದ ಕರುಳು’. ಕರುಳಿಗೆ ತೂತು ಬಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ತೂತಿಲ್ಲದ್ದು ಅಂದರೆ ಜನ ಗಟ್ಟಿಮುಟ್ಟಾದ ಕರುಳು ಅಂದುಕೊಳ್ಳುತ್ತಾರೆ! ‘ಜನ್ಮದೋಷ’ ಅಂತಲೂ ಹಾಕಬೇಡಿ. ದೋಷ ಅಂದ ಕೂಡಲೇ ಗ್ರಹಣದ ದಿನ ಬಾಣಂತಿ ಏನು ಮಾಡಿದ್ದಳು ಅಂತ ಶುರುವಾಗುತ್ತದೆ. ‘ಹುಟ್ಟಿನಿಂದ ಕರುಳಿನ ದಾರಿ ಮುಚ್ಚಿದೆ’ ಅಂದರೆ ಸಾಕು.

ಆದರೆ ಅದು ತಲೆಬರಹವಾಗಬಾರದು. ತಾಯಿಗೆ ಕರುಳು ಕಾಣುವುದಿಲ್ಲ, ಬಟ್ಟೆ ಕಾಣುತ್ತದೆ. ನಮ್ಮ ತಂಗಿಯ ಮಗು ಎರಡನೇ ದಿನ ಬಿಳಿ ಪಂಚೆಯ ತುಂಡಿನ ಮೇಲೆ ಕಾರಿಕೊಂಡಿತು. ಮೆಂತ್ಯ ಸೊಪ್ಪು ಅರೆದು ಬಳಿದಂಗಿತ್ತು. ‘ಪಿತ್ತ ಆಗೈತಿ, ಹೋಗತೈತಿ ಬಿಡು’ ಅಂದಳು ಅಜ್ಜಿ. ಎಕ್ಸ್‌ರೇಯಲ್ಲಿ ಗಾಳಿಯ ಎರಡು ಗುಳ್ಳೆ: ಒಂದು ಜಠರ, ಇನ್ನೊಂದು ಸಣ್ಣಕರುಳಿನ ಮೊದಲ ತುಂಡು. ಅದರಾಚೆ ಗಾಳಿಯೇ ಇಲ್ಲ. ಆಪರೇಷನ್ನೇ ಆಗಬೇಕಾಯಿತು.

ನಮ್ಮಲ್ಲಿ ಎರಡು ಮಾತು ಇವೆಯಲ್ಲ, ಕಕ್ಕುವುದು, ಕಾರುವುದು. ಹಾಲು ಕಕ್ಕುವುದು ದಿನಾ ಇದ್ದದ್ದೇ. ಹಸಿರು ಕಾರಿದರೆ ಕಾಯಬಾರದು. ಕರುಳು ತಿರುಚಿಕೊಂಡಿದ್ದರೂ ಹಸಿರೇ ಬರುತ್ತದೆ, ಆಗ ಗಂಟೆಗಳ ಲೆಕ್ಕ. ಅದನ್ನೇ ದೊಡ್ಡಕ್ಷರದಲ್ಲಿ ಹಾಕಿ.

ಬಳ್ಳಾರಿಯಿಂದ:
‘ಕಾರು’ ಸರಿ, ಅಚ್ಚಗನ್ನಡ. ದವಾಖಾನೆ ಒಪ್ಪಲ್ಲ.

ರಾಯಚೂರಿನಿಂದ:
ಪ್ರಿಂಟಿಗೆ ಕೊಟ್ಟು ಬಂದೆ. ‘ಮಗು ಹಾಲು ಕಕ್ಕಿದರೆ ಒರೆಸಿ. ಹಸಿರು ಕಾರಿದರೆ ಓಡಿ ಬನ್ನಿ.’ ಎಲ್ಲಿಗೆ ಅಂತ ಬರೆದಿಲ್ಲ.